ಬದ್ರ್‌ನ ದಾರಿಯಿಂದ ಮರಳಿದ ಬಾಲಕ

ಮನೆಗೆ ನೆಂಟರು ಬಂದಾಗ ನಿಮ್ಮ ಮಗನನ್ನು ಏನೆಂದು ಪರಿಚಯಿಸುತ್ತೀರಿ? ಲೆಕ್ಕದಲ್ಲಿ ಹಿಂದೆ, ಬರೀ ಆಟ ಎಂದೋ? ಹುಡುಗ ಬಾಗಿಲ ಮರೆಯಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿರುತ್ತಾನೆ. ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದ ಬನೂ ನಜ್ಜಾರ್ ಗೋತ್ರದವರು ತಮ್ಮ ಒಬ್ಬ ಹುಡುಗನನ್ನು ಪರಿಚಯಿಸಿದ ರೀತಿಯೇ ಬೇರೆ.

ಆ ಹುಡುಗ ಹಝ್ರತ್ ಝೈದ್ ಬಿನ್ ಸಾಬಿತ್(ರ). ಆರು ವರ್ಷದವರಿದ್ದಾಗಲೇ ತಂದೆ ಬುಆಸ್ ಕದನದಲ್ಲಿ ಕೊಲೆಯಾಗಿದ್ದರು. ತಾಯಿ ನವಾರ್ ಬಿಂತ್ ಮಾಲಿಕ್(ರ) ಅವರ ಆಸರೆಯಲ್ಲಿ ಬೆಳೆದರು. ಕ್ರಿ.ಶ. 622ರಲ್ಲಿ ಪ್ರವಾದಿವರ್ಯರು(ಸ) ಹಿಜ್ರತ್ ಮಾಡಿ ಮದೀನಾಕ್ಕೆ ಬಂದಾಗ ಝೈದ್‌ರಿಗೆ(ರ) 11 ವರ್ಷ. ಅವರ ಕಡೆಯವರು ಅವರನ್ನು ಪ್ರವಾದಿವರ್ಯರ(ಸ) ಬಳಿಗೆ ಕರೆದೊಯ್ದರು. ತಂದೆಯಿಲ್ಲದ ಹುಡುಗ, ಏನಾದರೂ ಸಹಾಯ ಮಾಡಿ ಎಂದು ಅವರು ಹೇಳಲಿಲ್ಲ. ಅಲ್ಲಾಹನು ತಮ್ಮ ಮೇಲೆ ಅವತೀರ್ಣಗೊಳಿಸಿದ ಸೂರಃಗಳಲ್ಲಿ ಹತ್ತಕ್ಕೂ ಹೆಚ್ಚನ್ನು ಈತ ಕಂಠಪಾಠ ಮಾಡಿದ್ದಾನೆ ಎಂದು ಪರಿಚಯಿಸಿದರು. ಅನಾಥತನವೂ ನಿಜ, ನೆನಪಿನ ಶಕ್ತಿಯೂ ನಿಜ. ಯಾವುದನ್ನು ಮೊದಲು ಹೇಳಬೇಕೆಂಬುದು ಆ ಹಿರಿಯರಿಗೆ ತಿಳಿದಿತ್ತು.

ಪ್ರವಾದಿವರ್ಯರು(ಸ) ಹುಡುಗನಿಂದ ಓದಿಸಿ ಕೇಳಿದರು, ಮೆಚ್ಚಿದರು. ಆದರೆ ಮೆಚ್ಚುಗೆಗೆ ನಿಲ್ಲಲಿಲ್ಲ, ಒಂದು ಕೆಲಸವನ್ನೂ ಒಪ್ಪಿಸಿದರು. ಯಹೂದಿಗಳೊಂದಿಗಿನ ಪತ್ರ ವ್ಯವಹಾರವನ್ನು ಬೇರೆಯವರ ಕೈಗೆ ಬಿಡುವಂತಿರಲಿಲ್ಲ. ಆದ್ದರಿಂದ ಅವರ ಲಿಪಿಯನ್ನು ಕಲಿಯುವಂತೆ ಝೈದ್‌ರಿಗೆ(ರ) ಆಜ್ಞಾಪಿಸಿದರು. ಅರ್ಧ ತಿಂಗಳು ಕಳೆಯುವುದರೊಳಗೆ ಅವರು ಅದನ್ನು ಕಲಿತರು. ಅವರಿಗೆ ಹೋಗುವ ಪತ್ರಗಳನ್ನು ಬರೆಯುವುದು, ಅಲ್ಲಿಂದ ಬಂದುದನ್ನು ಓದಿ ಹೇಳುವುದು ಅವರ ಹೊಣೆಯಾಯಿತು. ಭೇಷ್ ಎಂದು ಬೆನ್ನು ತಟ್ಟುವುದು ನಮಗೂ ಬರುತ್ತದೆ. ಮಗುವಿನ ಸಾಮರ್ಥ್ಯಕ್ಕೆ ತಕ್ಕ, ನಿಜವಾಗಿಯೂ ಅಗತ್ಯವಿರುವ ಒಂದು ಕೆಲಸವನ್ನು ನಂಬಿ ಒಪ್ಪಿಸುವುದು ನಮ್ಮಲ್ಲಿ ಕಡಿಮೆ. ಬೆನ್ನು ತಟ್ಟಿದ ಸಂತೋಷ ಸಂಜೆಗೇ ಮುಗಿಯುತ್ತದೆ.

ಹಿಜರಿ 2ರಲ್ಲಿ ಬದ್ರ್ ಯುದ್ಧ ನಡೆಯಿತು. ಹೊರಟ ಹಿರಿಯರೊಂದಿಗೆ ಝೈದ್(ರ) ಕೂಡ ಹೊರಟರು. ವಯಸ್ಸು ಸಾಲದೆಂದು ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ಗೆಳೆಯರೆದುರು ಹೀಗೆ ಮರಳುವುದು 13ರ ಹುಡುಗನಿಗೆ ಸಣ್ಣ ನೋವಲ್ಲ. ಆದರೆ ತಾನು ಯಾವುದಕ್ಕೂ ಆಗದವನೆಂಬ ಭಾವನೆ ಅವರಲ್ಲಿ ಬೇರೂರಲಿಲ್ಲ. ತನ್ನ ಕೈಯಲ್ಲಿ ಲೇಖನಿಯಿದೆ, ಎದೆಯಲ್ಲಿ ಕುರ್‌ಆನ್ ಇದೆ ಎಂಬುದು ಅವರಿಗೆ ಗೊತ್ತಿತ್ತು. ದಿವ್ಯವಾಣಿ ಬಂದಾಗ ಪ್ರವಾದಿವರ್ಯರು(ಸ) ಕರೆಸಿ ಬರೆಸುತ್ತಿದ್ದವರಲ್ಲಿ ಅವರೂ ಒಬ್ಬರಾದರು.

ಹಿಜರಿ 5ರ ಖಂದಕ್‌ನಲ್ಲಿ ಅವರಿಗೆ ಅನುಮತಿ ಸಿಕ್ಕಿತು. ಕಂದಕದ ಮಣ್ಣು ಹೊತ್ತು ದಣಿದು ಅಲ್ಲೇ ನಿದ್ದೆ ಹೋದರು. ಉಮಾರಾ ಬಿನ್ ಹಝ್ಮ್(ರ) ತಮಾಷೆಗೆ ಅವರ ಆಯುಧಗಳನ್ನು ತೆಗೆದಿಟ್ಟರು. ಎಚ್ಚರವಾದಾಗ ಹುಡುಗ ಗಾಬರಿಯಾದ. ಚರಿತ್ರೆಕಾರರು ಬರೆಯುವಂತೆ, ಪ್ರವಾದಿವರ್ಯರು(ಸ) ಝೈದ್‌ರನ್ನು(ರ) ನಿದ್ದೆಗಣ್ಣಿನವನೆಂದು ಪ್ರೀತಿಯಿಂದ ಕರೆದರು, ಆದರೆ ತಮಾಷೆಗಾದರೂ ಒಬ್ಬ ಮುಸ್ಲಿಮನನ್ನು ಹೀಗೆ ಹೆದರಿಸುವುದನ್ನು ವಿರೋಧಿಸಿದರು. ಮಕ್ಕಳನ್ನು ಅಳಿಸಿ ನಗುವ ಚಿಕ್ಕಪ್ಪ, ಮಾವಂದಿರು ನಮ್ಮ ಮನೆಗಳಲ್ಲೂ ಇದ್ದಾರಲ್ಲವೇ? ಮುಂದೆ ತಬೂಕ್ ಯಾತ್ರೆಯಲ್ಲಿ ಇದೇ ಉಮಾರಾರ(ರ) ಕೈಯಲ್ಲಿದ್ದ ಗೋತ್ರದ ಧ್ವಜವನ್ನು ಝೈದ್‌ರಿಗೆ(ರ) ಕೊಡಲಾಯಿತು. ಅವರಿಗೆ ಹೆಚ್ಚು ಕುರ್‌ಆನ್ ಗೊತ್ತಿತ್ತು ಎಂಬುದೇ ಅದಕ್ಕೆ ಕಾರಣ.

ಯಮಾಮ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕರು ಹುತಾತ್ಮರಾದಾಗ ಹಝ್ರತ್ ಉಮರ್(ರ) ಚಿಂತೆಗೊಳಗಾದರು. ಅವರ ಸಲಹೆಯಂತೆ ಖಲೀಫಾ ಅಬೂಬಕ್ಕರ್(ರ) ಗ್ರಂಥವನ್ನು ಒಂದೆಡೆ ಸಂಗ್ರಹಿಸಲು ನಿಶ್ಚಯಿಸಿದರು. ಹಿರಿಯ ಸಹಾಬಿಗಳು ಅನೇಕರಿದ್ದರೂ ಇಪ್ಪತ್ತರ ಆಸುಪಾಸಿನ ಝೈದ್‌ರನ್ನೇ(ರ) ಕರೆಸಿದರು. ಯುವಕ, ಬುದ್ಧಿವಂತ, ಯಾರೂ ಸಂಶಯಿಸದ ಪ್ರಾಮಾಣಿಕ, ದಿವ್ಯವಾಣಿ ಬರೆದ ಅನುಭವಿ ಎಂದು ಅವರ ಮುಖಕ್ಕೇ ಕಾರಣಗಳನ್ನು ಹೇಳಿದರು. ಬೆಟ್ಟವನ್ನು ಸ್ಥಳಾಂತರಿಸಲು ಹೇಳಿದ್ದರೂ ಇಷ್ಟು ಭಾರವೆನಿಸುತ್ತಿರಲಿಲ್ಲ ಎಂದು ಝೈದ್‌ರಿಗೆ(ರ) ತೋರಿತು. ಪ್ರವಾದಿವರ್ಯರು(ಸ) ಮಾಡದಿದ್ದ ಕೆಲಸವನ್ನು ಮಾಡುವುದು ಹೇಗೆಂದು ಅವರು ಪ್ರಶ್ನಿಸಿದರು ಕೂಡ. ಖಲೀಫಾ ಸಿಡುಕಲಿಲ್ಲ, ಅವರ ಮನಸ್ಸು ತಿಳಿಯಾಗುವವರೆಗೆ ಮತ್ತೆ ಮತ್ತೆ ವಿವರಿಸಿದರು.

ಕಂಠಪಾಠವಿದ್ದರೂ ಝೈದ್(ರ) ತನ್ನ ನೆನಪನ್ನು ಮಾತ್ರ ನೆಚ್ಚಿ ಕೂರಲಿಲ್ಲ. ಖರ್ಜೂರದ ಗರಿಯ ದಿಂಡು, ತೆಳುಗಲ್ಲು, ಜನರ ಹೃದಯ ಎಲ್ಲದರಿಂದಲೂ ಹುಡುಕಿ ಒಟ್ಟುಗೂಡಿಸಿದರು. ಆತ್ಮವಿಶ್ವಾಸವೆಂದರೆ ಎದೆ ಉಬ್ಬಿಸಿ ನಡೆಯುವುದೆಂದು ತಿಳಿದವರು ಇದನ್ನು ಗಮನಿಸಬೇಕು. ಹಝ್ರತ್ ಉಸ್ಮಾನ್(ರ) ಕಾಲದಲ್ಲಿ ಪ್ರತಿಗಳನ್ನು ಸಿದ್ಧಪಡಿಸಿದಾಗಲೂ ಮೂವರು ಕುರೈಶರ ಜೊತೆ ಅನ್ಸಾರಿಯಾದ ಅವರಿದ್ದರು.

ವಾರಸು ಹಕ್ಕಿನ ಶಾಸ್ತ್ರದಲ್ಲಿ ಅವರು ಸಹಾಬಿಗಳ ಪೈಕಿ ಅಗ್ರಗಣ್ಯರೆಂದು ಪ್ರಸಿದ್ಧರಾದರು. ಅದಕ್ಕೆ ಲೆಕ್ಕವೂ ಬೇಕು, ನ್ಯಾಯಬುದ್ಧಿಯೂ ಬೇಕು. ಹಝ್ರತ್ ಉಮರ್(ರ) ಪ್ರಯಾಣ ಹೊರಟಾಗ ಮದೀನಾದ ಹೊಣೆಯನ್ನು ಅವರಿಗೆ ವಹಿಸುತ್ತಿದ್ದರು. ಪ್ರವಾದಿವರ್ಯರ(ಸ) ಚಿಕ್ಕಪ್ಪನ ಮಗ ಇಬ್ನು ಅಬ್ಬಾಸ್(ರ) ಒಮ್ಮೆ ಅವರ ಸವಾರಿಯ ರಿಕಾಪು ಹಿಡಿದು ನಿಂತರು. ಝೈದ್(ರ) ಸಂಕೋಚಪಟ್ಟು ಇಬ್ನು ಅಬ್ಬಾಸರ(ರ) ಕೈಯನ್ನು ಚುಂಬಿಸಿದರು.

ಹಿಜರಿ 45ರಲ್ಲಿ ಅವರು ನಿಧನರಾದರೆಂಬುದು ಪ್ರಸಿದ್ಧ ಅಭಿಪ್ರಾಯ. ಅವರ ಪುತ್ರ ಖಾರಿಜಾ ಮದೀನಾದ ಸುಪ್ರಸಿದ್ಧ ಏಳು ಮಂದಿ ಕರ್ಮಶಾಸ್ತ್ರಜ್ಞರಲ್ಲಿ ಒಬ್ಬರಾದರು. ಅರ್ಧ ತಿಂಗಳಲ್ಲಿ ಲಿಪಿ ಕಲಿತ ಆ ಘಟನೆ ಹದೀಸ್ ಗ್ರಂಥಗಳಿಗೆ ಬಂದಿರುವುದು ಈ ಖಾರಿಜಾರ ಮೂಲಕವೇ. ತಂದೆ ಅದನ್ನು ಮಗನಿಗೆ ಹೇಳಿದ್ದರು.