ವಿಜ್ಞಾನೇಶ್ವರನೂ ಹೆಣ್ಣುಮಕ್ಕಳ ಪಾಲೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಮನೆ ಪಾಲಾಗುವುದೆಂದರೆ ತೆಂಗಿನ ತೋಟ ಪಾಲಾಗುವುದೆಂದೇ ಅರ್ಥ. ಆ ಪಾಲಿನ ಲೆಕ್ಕದ ಹಿಂದೆ ಕನ್ನಡನಾಡಿನ ಪಂಡಿತನೊಬ್ಬನು ನಿಂತಿರುವನು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಂದೆತಾಯಿಗಳೂ ಅವನನ್ನು ಅರಿತಿರಬೇಕೆಂದು ಬಗೆದು ಅವನ ಚರಿತ್ರೆಯನ್ನು ಸಂಗ್ರಹವಾಗಿ ಬರೆಯುತ್ತೇವೆ.

ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಆ ಕಲ್ಯಾಣವೇ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನ ತಂದೆ ಭಾರದ್ವಾಜಗೋತ್ರದ ಪದ್ಮನಾಭಭಟ್ಟ. ಇವನಾದರೋ ಸಂನ್ಯಾಸಿ. ಮನೆಮಠಗಳನ್ನು ತೊರೆದವನು ಆಸ್ತಿಯ ವಿಭಾಗವನ್ನು ನಿರ್ಣಯಿಸಿದನೆಂಬುದು ವಿನೋದವಾಗಿ ತೋರಬಹುದು. ಯಾರ ಪಾಲಿನಲ್ಲಿಯೂ ಆಸೆಯಿಲ್ಲದವನೇ ಆ ಕೆಲಸಕ್ಕೆ ತಕ್ಕವನೆಂದು ನಮ್ಮ ಎಣಿಕೆ.

ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ವ್ಯಾಜ್ಯಕ್ಕೆ ದೂರು, ಉತ್ತರ, ಪ್ರಮಾಣ, ನಿರ್ಣಯವೆಂದು ನಾಲ್ಕು ಪಾದಗಳು. ಪ್ರಮಾಣವೆಂದರೆ ಪತ್ರ, ಅನುಭೋಗ, ಸಾಕ್ಷಿ. ಇವಾವುವೂ ದೊರೆಯದಿದ್ದರೆ ಮಾತ್ರ ದಿವ್ಯ. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕೆಂದು ಇವನು ಸಾಧಿಸಿದನು. ಬಂಗಾಳದ ಜೀಮೂತವಾಹನನು ತಂದೆಯ ತರುವಾಯವೇ ಹಕ್ಕೆಂದನು.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಬೇರೊಂದು ಮಾತು. ತಂದೆಯು ಸತ್ತ ಮೇಲೆ ಮದುವೆಯಾಗದ ತಂಗಿಗೆ ಸಲ್ಲುವ ಕಾಲುಭಾಗವು ಬರಿಯ ಮದುವೆಯ ವೆಚ್ಚವೆಂದು ಕೆಲವರು ಹೇಳುತ್ತಿದ್ದರು. ವಿಜ್ಞಾನೇಶ್ವರನು ಒಪ್ಪಲಿಲ್ಲ, ಅದು ಪಾಲೇ ಎಂದನು. ಅಣ್ಣನೊಬ್ಬ, ತಂಗಿಯೊಬ್ಬಳು, 80 ಮರಗಳ ತೋಟವೆಂದಿಟ್ಟುಕೊಳ್ಳೋಣ. ಅವನ ಗಣಿತದಂತೆ ಮೊದಲು 40ರ ಎರಡು ಭಾಗ. ಒಂದರ ಕಾಲುಭಾಗವಾದ 10 ಮರ ತಂಗಿಗೆ, ಉಳಿದ 70 ಅಣ್ಣನಿಗೆ. ಸ್ವಲ್ಪವೇ ಸರಿ; ಆದರೆ ದಯೆಯಲ್ಲ. ಹೆಣ್ಣಿಗೆ ಉತ್ತರಾಧಿಕಾರದಿಂದ ಬಂದದ್ದನ್ನೂ ಅವನು ಸ್ತ್ರೀಧನದಲ್ಲಿಯೇ ಸೇರಿಸಿದನು.

ಮುಂದೆ ಕಂಪನಿಯ ನ್ಯಾಯಸ್ಥಾನಗಳು ಪಂಡಿತರನ್ನು ಕೇಳಿ ತೀರ್ಪು ಕೊಡುತ್ತಿದ್ದವು. 1810ರಲ್ಲಿ ಕೋಲ್‌ಬ್ರೂಕನು ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಿರುಗಿಸಿದನು. 1864ರಲ್ಲಿ ಪಂಡಿತರ ಹುದ್ದೆಗಳೇ ರದ್ದಾದವು. ಅನಂತರ ಹಿಂದಿನ ತೀರ್ಪು ಮುಂದಿನ ತೀರ್ಪಿಗೆ ದಾರಿಯಾಗುವ ಇಂಗ್ಲಿಷ್ ಪದ್ಧತಿ ಬಲಿಯಿತು. ರೂಢಿಯು ಸ್ಪಷ್ಟವಾಗಿ ಸಿದ್ಧವಾದರೆ ಗ್ರಂಥಕ್ಕಿಂತ ಮೇಲೆಂದು ಲಂಡನ್ನಿನ ಪ್ರಿವಿ ಕೌನ್ಸಿಲು 1868ರಲ್ಲಿ ನಿರ್ಣಯಿಸಿತು. ಅದೇ ಪೀಠದ ತೀರ್ಪುಗಳಿಂದ ಸ್ತ್ರೀಧನವು ಸಂಕೋಚಗೊಂಡು, ಹೆಣ್ಣಿಗೆ ಬಂದ ಆಸ್ತಿಯು ಬಹುಮಟ್ಟಿಗೆ ಅವಳ ಜೀವಮಾನದ ಅನುಭೋಗಕ್ಕೆ ಮಾತ್ರವೆಂದಾಯಿತು. ಗ್ರಂಥಕರ್ತನು ಕೊಟ್ಟದ್ದನ್ನು ಅವನ ಗ್ರಂಥವನ್ನೇ ಪ್ರಮಾಣವೆಂದವರು ಕಳೆದರು!

ಮೈಸೂರು ಸಂಸ್ಥಾನವು 1933ರ ಸ್ತ್ರೀಯರ ಹಕ್ಕುಗಳ ಕಾನೂನಿನಿಂದ ಇದನ್ನು ಕೊಂಚ ಸರಿಪಡಿಸಿತು. 1956ರಲ್ಲಿ ಹೆಣ್ಣಿನ ಆಸ್ತಿಯು ಅವಳಿಗೆ ಪೂರ್ಣಸ್ವಾಮ್ಯವಾಯಿತು. 1994ರಲ್ಲಿ ಕರ್ನಾಟಕವು ಹುಟ್ಟಿನ ಹಕ್ಕನ್ನು ಮಗಳಿಗೂ ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆ ದಿನ ತಂದೆಯು ಜೀವಿಸಿರದಿದ್ದರೂ ಮಗಳ ಹಕ್ಕು ಕುಂದದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಮಾನಿಸಿತು. ಹಿಂದೆಯೇ ಪಾಲಾಗದಿದ್ದ ಪಿತ್ರಾರ್ಜಿತ ತೋಟದಲ್ಲಿ, ಅಣ್ಣತಂಗಿಯರಿಬ್ಬರೇ ಉಳಿದ ಮನೆಯಲ್ಲಿ, ಆ 80 ಮರಗಳ ಪೈಕಿ ತಂಗಿಗೆ ಈಗ ಸಲ್ಲುವುದು 40.