ಚಕ್ರವಾಲದ ಉಪಾಸಕ

ಮಂಡ್ಯಕ್ಕೆ ಸಮೀಪದಲ್ಲಿರುವ ವಿ.ಸಿ. ಫಾರಂ ಆ ಸೀಮೆಯ ರೈತರಿಗೆಲ್ಲ ಚಿರಪರಿಚಿತವಾದ ಸ್ಥಳ. ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆಯ ಬಯಲಿನಲ್ಲಿ, 1930ರ ದಶಕದ ಆರಂಭದಲ್ಲಿ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ ಈ ಸಂಶೋಧನ ಕ್ಷೇತ್ರ ನೆಲೆಗೊಂಡಿತು. ರಾಗಿ ಲಕ್ಷ್ಮಣಯ್ಯನವರೆಂದು ಜನರು ಪ್ರೀತಿಯಿಂದ ಕರೆದ ವಿಜ್ಞಾನಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಪಡೆದುದೂ ಇಲ್ಲಿಯೇ. ಇಲ್ಲಿನ ತಾಕುಗಳಲ್ಲಿ ಯಾವ ತಳಿ ಹೆಚ್ಚು ಇಳುವರಿ ಕೊಡುವುದೆಂಬುದು ಬಿತ್ತುವ ದಿನ ಬಿತ್ತಿದವರಿಗೂ ತಿಳಿದಿರುವುದಿಲ್ಲ. ತಿಳಿಯದುದನ್ನು ತಿಳಿಯುವುದಕ್ಕಾಗಿಯೇ ಅಲ್ಲಿ ಬಿತ್ತನೆ ನಡೆಯುತ್ತದೆ. ಸಂಶೋಧನೆ ಎಂದರೇನೆಂದು ಮಂಡ್ಯದ ರೈತನಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಆದರೆ ಗಣಿತದಲ್ಲಿ ಸಂಶೋಧನೆ ಎಂದರೆ ಅನೇಕರಿಗೆ ಆಶ್ಚರ್ಯವಾಗುತ್ತದೆ. ಗಣಿತದ ಉತ್ತರಗಳೆಲ್ಲ ಪುಸ್ತಕದ ಕೊನೆಯ ಪುಟಗಳಲ್ಲಿಯೇ ಅಚ್ಚಾಗಿರುವಾಗ ಹೊಸದಾಗಿ ಹುಡುಕುವುದಕ್ಕೆ ಏನು ಉಳಿದಿದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಈ ತಪ್ಪು ಭಾವನೆಯನ್ನು ಕಳೆಯಲೆಂದೇ ನಮ್ಮ ದೇಶದಲ್ಲಿ 1993ರಿಂದ ಒಂದು ಒಳ್ಳೆಯ ಪದ್ಧತಿ ರೂಢಿಗೆ ಬಂದಿದೆ. ಬೇಸಿಗೆಯ ರಜೆಯಲ್ಲಿ ಪದವಿ ತರಗತಿಗಳ ಗಣಿತ ವಿದ್ಯಾರ್ಥಿಗಳನ್ನು ಒಂದೆಡೆ ಕೂಡಿಸಿ, ಕೆಲವು ವಾರಗಳ ಕಾಲ ಅವರನ್ನು ಸ್ವತಂತ್ರ ಚಿಂತನೆಗೆ ಹಚ್ಚುವ ಶಿಬಿರಗಳು ನಡೆಯುತ್ತವೆ. ಮೈಸೂರು ಕೂಡ ಇಂತಹ ಶಿಬಿರಗಳಿಗೆ ಆಶ್ರಯ ಕೊಟ್ಟಿದೆ. ಉತ್ತರ ಬಂದರೆ ಸಾಲದು. ಅದು ಏಕೆ ಬಂತು, ಯಾವಾಗಲೂ ಬರುವುದೇ ಎಂದು ಕೇಳಬೇಕು. ಇದು ಅಲ್ಲಿನ ಮೊದಲ ಪಾಠ. ಇಂತಹ ಶಿಬಿರಗಳು ಹುಟ್ಟುವುದಕ್ಕೆ ಅರವತ್ತು ವರ್ಷಗಳಿಗಿಂತ ಮೊದಲೇ, ಅದೇ ಮೈಸೂರಿನಲ್ಲಿ ಕುಳಿತು, ಇದೇ ಪ್ರಶ್ನೆಯನ್ನು ಕೇಳಿ ಅದಕ್ಕೆ ಉತ್ತರವನ್ನೂ ಕಂಡುಕೊಂಡ ಅಧ್ಯಾಪಕರೊಬ್ಬರಿದ್ದರು. ಅವರೇ ಎ. ಎ. ಕೃಷ್ಣಸ್ವಾಮಿ ಅಯ್ಯಂಗಾರ್.

ಕೃಷ್ಣಸ್ವಾಮಿ ಅಯ್ಯಂಗಾರ್ಯರು 1892ರ ಡಿಸೆಂಬರ್ 1ರಂದು ಮದರಾಸಿಗೆ ಸಮೀಪದ ಅತ್ತಿಪಟ್ಟು ಎಂಬ ಊರಿನಲ್ಲಿ ಜನಿಸಿದರು. ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಓದಿ, ಹದಿನೆಂಟರ ಎಳೆಯ ವಯಸ್ಸಿನಲ್ಲಿಯೇ ಗಣಿತದಲ್ಲಿ ಎಂ.ಎ. ಪದವಿಯನ್ನು ಪಡೆದು, ಆ ಕಾಲೇಜಿನಲ್ಲಿಯೇ ಅಧ್ಯಾಪಕರಾದರು. ಇವರಿಗಿಂತ ಐದು ವರ್ಷ ಹಿರಿಯರಾದ ಶ್ರೀನಿವಾಸ ರಾಮಾನುಜನ್ನರೂ ಕೆಲವು ಕಾಲ ಓದಿದ್ದು ಅದೇ ಕಾಲೇಜಿನಲ್ಲಿ. ಆದರೆ ರಾಮಾನುಜನ್ನರು ಅಲ್ಲಿ ಪರೀಕ್ಷೆಯನ್ನು ದಾಟಲಾರದೆ ಹೋದರು. ಒಬ್ಬರಿಗೆ ಪರೀಕ್ಷೆ ಹೂವಿನ ಹಾದಿಯಾಯಿತು. ಇನ್ನೊಬ್ಬರಿಗೆ ಮುಳ್ಳಿನ ಬೇಲಿಯಾಯಿತು. ಹಾಗಿದ್ದರೂ ಇಬ್ಬರನ್ನೂ ಬೆಳೆಸಿದ ಒಂದು ಸಂಗತಿ ಸಮಾನವಾಗಿತ್ತು. 1907ರಲ್ಲಿ ಸ್ಥಾಪಿತವಾದ ಭಾರತೀಯ ಗಣಿತ ಸಂಘ ಒಂದು ಪತ್ರಿಕೆಯನ್ನು ಹೊರಡಿಸುತ್ತಿತ್ತು. 1911ರಲ್ಲಿ ರಾಮಾನುಜನ್ನರ ಮೊದಲ ಲೇಖನ ಬೆಳಕು ಕಂಡದ್ದು ಅದರಲ್ಲಿ. ಅಯ್ಯಂಗಾರ್ಯರ ಮುಖ್ಯ ಸಂಶೋಧನೆ ಮುಂದೆ ಪ್ರಕಟವಾದದ್ದೂ ಅದರಲ್ಲಿಯೇ. ದೊಡ್ಡ ಸಂಶೋಧನಾಲಯಗಳಿಲ್ಲದ ಆ ದಿನಗಳಲ್ಲಿ ಊರೂರುಗಳಲ್ಲಿ ಒಂಟಿಯಾಗಿದ್ದ ಗಣಿತಪ್ರೇಮಿಗಳಿಗೆ ಅಂಚೆಯಲ್ಲಿ ಬರುವ ಆ ಪತ್ರಿಕೆಯೇ ಗೋಷ್ಠಿಯೂ ಗುರುಕುಲವೂ ಆಗಿತ್ತು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಾರಂಭವಾಯಿತು. ಎರಡು ವರ್ಷಗಳ ಅನಂತರ, 1918ರಲ್ಲಿ, ಅಯ್ಯಂಗಾರ್ಯರು ಅದರ ಗಣಿತ ವಿಭಾಗವನ್ನು ಸೇರಿ ಮೈಸೂರಿಗೆ ಬಂದರು. ಅಲ್ಲಿಂದ 1947ರಲ್ಲಿ ನಿವೃತ್ತರಾಗುವವರೆಗೆ, ಸುಮಾರು ಮೂವತ್ತು ವರ್ಷಗಳ ಕಾಲ, ಮೈಸೂರೇ ಅವರ ಕರ್ಮಭೂಮಿಯಾಯಿತು. ಪಾಠ ಹೇಳುವುದು ಅವರ ವೃತ್ತಿ. ಸಂಶೋಧನೆ ಅವರಿಗೆ ಒಲಿದು ಬಂದ ವ್ರತ. ಸಂಸ್ಕೃತದ ಗಣಿತಗ್ರಂಥಗಳನ್ನು ಅವರು ಪೂಜೆಗಿಟ್ಟ ತಾಳೆಗರಿಗಳೆಂದು ಭಾವಿಸದೆ, ಎದುರಿಗೆ ಕುಳಿತ ಗಣಿತಜ್ಞನ ಮಾತಿನಂತೆ ಗಮನವಿಟ್ಟು ಓದಿದರು. ಆರ್ಯಭಟನ ಗಣಿತವನ್ನು ಕುರಿತ ಅವರ ಪ್ರೌಢ ಲೇಖನ 1926ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಬಳಿಕ ಅವರ ಮನಸ್ಸನ್ನು ಸೆಳೆದದ್ದು ಭಾಸ್ಕರಾಚಾರ್ಯರ ಬೀಜಗಣಿತದಲ್ಲಿರುವ ಚಕ್ರವಾಲ ಎಂಬ ವಿಧಾನ.

ಈ ವಿಧಾನದ ಸ್ವಾರಸ್ಯವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಪೂರ್ಣಸಂಖ್ಯೆಯ ವರ್ಗವನ್ನು ಎರಡರಿಂದ ಗುಣಿಸಿ ಒಂದನ್ನು ಕೂಡಿಸಿದರೆ, ಬರುವ ಮೊತ್ತವೂ ಪೂರ್ಣವರ್ಗವಾಗಿರಬೇಕು. ಅಂತಹ ಸಂಖ್ಯೆ ಯಾವುದು? ಎರಡನ್ನೇ ತೆಗೆದುಕೊಳ್ಳೋಣ. ಎರಡರ ವರ್ಗ ನಾಲ್ಕು. ಅದನ್ನು ಎರಡರಿಂದ ಗುಣಿಸಿದರೆ ಎಂಟು. ಒಂದನ್ನು ಕೂಡಿಸಿದರೆ ಒಂಬತ್ತು. ಅದು ಮೂರರ ವರ್ಗ. ಲೆಕ್ಕ ಮುಗಿಯಿತು. ಆದರೆ ಗುಣಿಸಬೇಕಾದ ಸಂಖ್ಯೆ ಎರಡಕ್ಕೆ ಬದಲಾಗಿ 61 ಆದರೆ? ಒಂದು, ಎರಡು, ಮೂರು ಎಂದು ಪರೀಕ್ಷಿಸುತ್ತ ಹೋದವನಿಗೆ ಒಂದು ಜನ್ಮ ಸಾಲದು. ಏಕೆಂದರೆ ಹಾಗೆ ಸಿಗುವ ಅತ್ಯಂತ ಚಿಕ್ಕ ಸಂಖ್ಯೆಯೇ 22,61,53,980. ಅದರ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ 176,63,19,049ರ ವರ್ಗ ದೊರೆಯುತ್ತದೆ. ಫ್ರಾನ್ಸಿನ ಫರ್ಮಾ 1657ರಲ್ಲಿ ತನ್ನ ಕಾಲದ ಗಣಿತಜ್ಞರಿಗೆ ಇದೇ ಲೆಕ್ಕವನ್ನು ಸವಾಲಾಗಿ ಒಡ್ಡಿದನು. ಭಾಸ್ಕರಾಚಾರ್ಯರಾದರೋ 1150ರಲ್ಲಿಯೇ ಇದನ್ನು ಉದಾಹರಣೆಯಾಗಿ ಕೊಟ್ಟು, ಕೆಲವೇ ಹೆಜ್ಜೆಗಳಲ್ಲಿ ಬಿಡಿಸಿ ತೋರಿಸಿದ್ದರು.

ಅವರು ಹಿಡಿದ ದಾರಿ ಇದು. ಮೊದಲು ಉತ್ತರಕ್ಕೆ ಹತ್ತಿರವಾದ ಒಂದು ಲೆಕ್ಕವನ್ನು ತೆಗೆದುಕೊಳ್ಳಬೇಕು. ಎಂಟರ ವರ್ಗ 64. ಅದು 61ಕ್ಕಿಂತ ಮೂರು ಹೆಚ್ಚು. ನಮಗೆ ಬೇಕಾದುದು ಒಂದು, ಸಿಕ್ಕಿದುದು ಮೂರು. ಈ ಮೂರನ್ನೇ ಮೆಟ್ಟಿಲಾಗಿಸಿಕೊಂಡು, ನಿಯಮದಂತೆ ಮುಂದಿನ ಲೆಕ್ಕವನ್ನು ಕಟ್ಟಿದರೆ 39 ಮತ್ತು 5 ದೊರೆಯುತ್ತವೆ. 39ರ ವರ್ಗ 1521. ಐದರ ವರ್ಗವನ್ನು 61ರಿಂದ ಗುಣಿಸಿದರೆ 1525. ಈಗ ನಾಲ್ಕು ಕಡಿಮೆಯಾಯಿತು. ಹೀಗೆ ಪ್ರತಿಯೊಂದು ಸುತ್ತಿನ ಶೇಷವೂ ಮುಂದಿನ ಸುತ್ತಿಗೆ ಬೀಜವಾಗುತ್ತದೆ. ಚಕ್ರದಂತೆ ಸುತ್ತುತ್ತ ಹೋಗಿ ಕೊನೆಗೆ ಬೇಕಾದ ಒಂದು ಎಂಬ ಶೇಷಕ್ಕೆ ಬಂದು ನಿಲ್ಲುವುದರಿಂದಲೇ ಇದಕ್ಕೆ ಚಕ್ರವಾಲ ಎಂಬ ಹೆಸರು. ಏಳನೆಯ ಶತಮಾನದ ಬ್ರಹ್ಮಗುಪ್ತ ಹಾಕಿದ ತಳಹದಿಯ ಮೇಲೆ ಈ ಕಟ್ಟಡ ಎದ್ದುದು.

ಕೊನೆಗೆ ಒಂದಕ್ಕೆ ಬಂದು ನಿಲ್ಲುತ್ತದೆಯೆಂದು ಹೇಳಿದೆವು. ಆದರೆ ಯಾವಾಗಲೂ ನಿಲ್ಲುತ್ತದೆಯೆ? ಪೂರ್ಣವರ್ಗವಲ್ಲದ ಯಾವ ಸಂಖ್ಯೆಯನ್ನು ಕೊಟ್ಟರೂ ಚಕ್ರ ತಪ್ಪದೆ ಗುರಿಯನ್ನು ಮುಟ್ಟುತ್ತದೆಯೆ? ಭಾಸ್ಕರಾಚಾರ್ಯರ ಗ್ರಂಥದಲ್ಲಿ ವಿಧಾನವಿದೆ, ಉದಾಹರಣೆಗಳಿವೆ. ಈ ಪ್ರಶ್ನೆಗೆ ಸಾಧನೆ ಇಲ್ಲ. ಯೂರೋಪಿನಲ್ಲಿ ಲಗ್ರಾಂಜ್ 1768ರಲ್ಲಿ ಇಂತಹ ಸಮೀಕರಣಗಳಿಗೆ ಯಾವಾಗಲೂ ಉತ್ತರವಿದೆಯೆಂದು ಸಾಧಿಸಿದನು. ಆದರೆ ಅವನು ಹಿಡಿದ ಮಾರ್ಗ ಬೇರೆ. ಇದರಿಂದ ವಿದ್ವಾಂಸರಲ್ಲಿ ಎರಡು ಪಂಗಡಗಳಾದವು. ಭಾರತೀಯರ ವಿಧಾನ ಗ್ರೀಕರಿಂದ ಬಂದ ಎರವಲು ಎಂದು ಕೆಲವು ಪಾಶ್ಚಾತ್ಯರು ಕಡೆಗಣಿಸಿದರು. ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂದು ನಮ್ಮವರು ಕೆಲವರು ಬೀಗಿದರು. ಕಡೆಗಣಿಸುವುದಕ್ಕೂ ಶ್ರಮ ಬೇಕಿಲ್ಲ. ಬೀಗುವುದಕ್ಕೂ ಶ್ರಮ ಬೇಕಿಲ್ಲ.

ಅಯ್ಯಂಗಾರ್ಯರು ಈ ಎರಡು ದಾರಿಗಳನ್ನೂ ಬಿಟ್ಟು, ಕಷ್ಟವಾದ ಮೂರನೆಯ ದಾರಿಯನ್ನು ಹಿಡಿದರು. ಅವರು ಆ ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಪರೀಕ್ಷಿಸಿ, ಅದು ಎಂದಿಗೂ ಗುರಿ ತಪ್ಪುವುದಿಲ್ಲವೆಂದು ಸಾಧಿಸಿದರು. ಪ್ರತಿ ಸುತ್ತಿನಲ್ಲಿ ಉಳಿಯುವ ಶೇಷಗಳು ಒಂದು ಮಿತಿಯನ್ನು ಮೀರಲಾರವು. ಮಿತಿಯೊಳಗಿನ ಸಂಖ್ಯೆಗಳು ಎಣಿಕೆಗೆ ಸಿಗುವಷ್ಟೇ ಆದ್ದರಿಂದ, ನಡೆದ ಹೆಜ್ಜೆಗಳು ಎಂದಾದರೊಂದು ದಿನ ಮರುಕಳಿಸಲೇಬೇಕು. ಆಲೆಮನೆಯ ಗಾಣಕ್ಕೆ ಕಟ್ಟಿದ ಎತ್ತು ಎಷ್ಟು ನಡೆದರೂ ತನ್ನ ಹಳೆಯ ಹೆಜ್ಜೆಗೇ ಮರಳುವಂತೆ, ಚಕ್ರವೂ ತಾನು ಹೊರಟ ಒಂದು ಎಂಬ ಸ್ಥಾನಕ್ಕೆ ಮರಳುತ್ತದೆ. ಅಷ್ಟೇ ಅಲ್ಲ, ಈ ವಿಧಾನ ಲಗ್ರಾಂಜನ ವಿಧಾನಕ್ಕಿಂತ ಭಿನ್ನವಾದುದು, ತನ್ನದೇ ಆದ ಸ್ವರೂಪವುಳ್ಳದ್ದು ಎಂಬುದನ್ನೂ ಅವರು ತೋರಿಸಿಕೊಟ್ಟರು. ಈ ಲೇಖನ 1929–30ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾಸ್ಕರಾಚಾರ್ಯರು ಬಿಟ್ಟುಹೋದ ವಾಕ್ಯಕ್ಕೆ, ಏಳುನೂರ ಎಂಬತ್ತು ವರ್ಷಗಳ ಬಳಿಕ, ಮೈಸೂರಿನ ಅಧ್ಯಾಪಕರೊಬ್ಬರು ಪೂರ್ಣವಿರಾಮವಿಟ್ಟರು.

ಅವರ ಆಸಕ್ತಿ ಪ್ರಾಚೀನ ಗಣಿತಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಆಗ ತಾನೇ ಬೆಳೆಯುತ್ತಿದ್ದ ಸಂಖ್ಯಾಶಾಸ್ತ್ರದಲ್ಲಿಯೂ ಅವರು ಕೆಲಸ ಮಾಡಿದರು. ಇಂಗ್ಲೆಂಡಿನ ಬಯೋಮೆಟ್ರಿಕಾ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ 1934ರಲ್ಲಿ ಅವರ ಲೇಖನವೊಂದು ಪ್ರಕಟವಾಯಿತು. ವಿ.ಸಿ. ಫಾರಮ್ಮಿನಂತಹ ಕ್ಷೇತ್ರಗಳಿಗೂ ಈ ಶಾಸ್ತ್ರಕ್ಕೂ ಹತ್ತಿರದ ನಂಟುಂಟು. ಒಂದು ತಾಕಿನಲ್ಲಿ ಪೈರು ಹುಲುಸಾಗಿ ಬಂದರೆ, ಅದು ತಳಿಯ ಗುಣವೋ, ಮಣ್ಣಿನ ಸಾರವೋ, ನೀರಿನ ಅನುಕೂಲವೋ ಎಂದು ಕಣ್ಣಳತೆಯಿಂದ ಹೇಳಲಾಗದು. ಅದೇ ತಳಿಯನ್ನು ಹಲವು ತಾಕುಗಳಲ್ಲಿ ಬೆಳೆದು, ಬಂದ ಇಳುವರಿಗಳನ್ನು ಲೆಕ್ಕಕ್ಕೆ ಒಳಪಡಿಸಿದಾಗ ಮಾತ್ರ ನಿಜ ಹೊರಬೀಳುತ್ತದೆ. ಇಂಗ್ಲೆಂಡಿನ ಫಿಷರ್ 1920ರ ದಶಕದಲ್ಲಿ ರಾಥಮ್‌ಸ್ಟೆಡ್ ಎಂಬಲ್ಲಿನ ಹೊಲಗಳ ನಡುವೆಯೇ ಈ ಕ್ರಮವನ್ನು ರೂಪಿಸಿದನು. ಹೊಲದ ಪ್ರಯೋಗಕ್ಕೂ ಗಣಿತದ ಸಾಧನೆಗೂ ಇರುವ ಸಮಾನ ಗುಣ ಇದೇ: ಒಂದು ಸಲ ಕಂಡುಬಂದುದನ್ನೇ ಸತ್ಯವೆಂದು ಒಪ್ಪಿಬಿಡಬಾರದು.

ಅಯ್ಯಂಗಾರ್ಯರ ಮನೆ ಒಂದು ವಿಶಿಷ್ಟ ವಿದ್ಯಾಲಯವಾಗಿತ್ತು. ಕನ್ನಡಕ್ಕೂ ಇಂಗ್ಲಿಷಿಗೂ ಕೀರ್ತಿ ತಂದ ಕವಿ, ವಿದ್ವಾಂಸ ಎ. ಕೆ. ರಾಮಾನುಜನ್ ಅವರು ಇವರ ಮಗ. ಚಕ್ರವಾಲದ ಲೇಖನ ಸಿದ್ಧವಾದ ಕಾಲದಲ್ಲಿಯೇ, 1929ರಲ್ಲಿ, ಮೈಸೂರಿನಲ್ಲಿ ಹುಟ್ಟಿದವರು. ಆ ಮನೆಯ ಕೆಳಗಡೆ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ತಂದೆಯ ಓದುವ ಕೋಣೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಕನ್ನಡ; ಹೀಗೆ ಮೂರು ನುಡಿಗಳ ನಡುವೆ ಮಕ್ಕಳು ಬೆಳೆದರು. ಗಣಿತಜ್ಞರಾದ ತಂದೆ ಖಗೋಳಶಾಸ್ತ್ರವನ್ನು ಬಲ್ಲವರು, ಜ್ಯೋತಿಷದಲ್ಲಿಯೂ ನಂಬಿಕೆಯುಳ್ಳವರು. ಬೆಳಗ್ಗೆ ಸ್ನಾನಮಾಡಿ ಗೀತೆಯನ್ನು ಪಠಿಸುವರು; ಬರ್ಟ್ರಂಡ್ ರಸ್ಸೆಲ್ಲನ ವಿಚಾರಗಳನ್ನೂ ಮೆಚ್ಚಿ ಮಾತನಾಡುವರು. ವಿಜ್ಞಾನದ ಹುಮ್ಮಸ್ಸಿನಲ್ಲಿದ್ದ ತರುಣ ಮಗನಿಗೆ ಇದು ಒಗಟಾಗಿತ್ತು. ಹೊಸ ಗ್ರಹಗಳು ಪತ್ತೆಯಾದ ಮೇಲೂ ಹಳೆಯ ನವಗ್ರಹಗಳ ಲೆಕ್ಕ ನಿಂತೀತೇ ಎಂದು ಆತ ತಂದೆಯನ್ನೇ ಪ್ರಶ್ನಿಸಿದನು. ತಂದೆಯ ಸಮಾಧಾನ ಮಗನಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಪ್ರಶ್ನೆ ಅಲ್ಲಿಗೆ ಸಾಯಲೂ ಇಲ್ಲ. ಮುಂದೆ ಆ ಮಗ ಭಾರತೀಯರ ಚಿಂತನಕ್ರಮವನ್ನು ಕುರಿತು ಬರೆದ ಹೆಸರಾಂತ ಪ್ರಬಂಧಕ್ಕೆ ಈ ಒಗಟೇ ಪ್ರೇರಣೆಯಾಯಿತು. ತನ್ನನ್ನೇ ಪ್ರಶ್ನಿಸುವ ಧೈರ್ಯವನ್ನು ಮಕ್ಕಳಲ್ಲಿ ಉಳಿಸಿದ ತಂದೆ ದೊಡ್ಡ ಗುರುವೇ ಸರಿ.

ನಿವೃತ್ತಿಯ ಬಳಿಕವೂ ಅಯ್ಯಂಗಾರ್ಯರ ಲೇಖನಿಗೆ ವಿಶ್ರಾಂತಿ ಇರಲಿಲ್ಲ. 1950ರಲ್ಲಿಯೂ ಅವರು ಭಾರತೀಯರ ಪ್ರಾಚೀನ ತ್ರಿಕೋನಮಿತಿಯ ಸೂತ್ರವೊಂದನ್ನು ಕುರಿತು ಬರೆದರು. 1953ರಲ್ಲಿ ಅವರು ತೀರಿಕೊಂಡರು. ಅವರ ಕೆಲಸದ ಬೆಲೆ ಲೋಕಕ್ಕೆ ತಿಳಿದದ್ದು ನಿಧಾನವಾಗಿ. 1975ರಲ್ಲಿ ಸೆಲೆನಿಯಸ್ ಎಂಬ ವಿದ್ವಾಂಸರು ಚಕ್ರವಾಲದ ಹಿರಿಮೆಯನ್ನು ಪಾಶ್ಚಾತ್ಯರಿಗೆ ವಿಶದವಾಗಿ ತೋರಿಸಿದರು. ಚಕ್ರವಾಲದಿಂದ ಹುಟ್ಟಿದ ಒಂದು ಬಗೆಯ ಭಿನ್ನರಾಶಿಗಳ ಸಿದ್ಧಾಂತವನ್ನು ಅಯ್ಯಂಗಾರ್ಯರು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಬರೆದಿದ್ದರು. ಸುಮಾರು ಎಪ್ಪತ್ತು ವರ್ಷಗಳ ಅನಂತರ, ಗಣಕಯಂತ್ರಗಳ ಯುಗದಲ್ಲಿ, ಆಸ್ಟ್ರೇಲಿಯದ ಕೀತ್ ಮ್ಯಾಥ್ಯೂಸ್ ಮತ್ತು ಅವರ ಸಂಗಡಿಗರು ಅದನ್ನೇ ಹುಡುಕಿ ತೆಗೆದು ಮುಂದುವರಿಸಿದರು. ಒಳ್ಳೆಯ ಬಿತ್ತ ನೆಲದಲ್ಲಿ ಎಷ್ಟು ಕಾಲ ಮಲಗಿದ್ದರೂ ಹದ ಬಂದಾಗ ಮೊಳೆಯುತ್ತದೆ.

ಇಂದು ಬೇಸಿಗೆಯ ಶಿಬಿರಕ್ಕೆ ಹೋಗುವ ವಿದ್ಯಾರ್ಥಿಗೆ ಗುರುಗಳಿದ್ದಾರೆ, ಜೊತೆಗಾರರಿದ್ದಾರೆ, ಗ್ರಂಥಭಂಡಾರವಿದೆ. ಅಯ್ಯಂಗಾರ್ಯರ ಬಳಿ ಇದ್ದುದು ಒಂದು ಹಳೆಯ ಗ್ರಂಥ, ಒಂದಿಷ್ಟು ಕಾಗದ ಮತ್ತು ಬಿಡದ ಒಂದು ಪ್ರಶ್ನೆ. ಹಿರಿಯರನ್ನು ಗೌರವಿಸುವುದೆಂದರೆ ಅವರ ಮಾತನ್ನು ಕಣ್ಣುಮುಚ್ಚಿ ಒಪ್ಪುವುದಲ್ಲ. ಪರೀಕ್ಷಿಸಿ, ಅವರು ನಿಲ್ಲಿಸಿದ ಕಡೆಯಿಂದ ಒಂದು ಹೆಜ್ಜೆ ಮುಂದೆ ಹೋಗುವುದು. ಮುಂದಿನ ರಜೆಯಲ್ಲಿ 61ರ ಲೆಕ್ಕವನ್ನು ಕೈಯಲ್ಲಿ ಹಿಡಿದು ಕುಳಿತ ಹುಡುಗನೋ ಹುಡುಗಿಯೋ, ಉತ್ತರ ಬಂದ ಮೇಲೂ ಪುಸ್ತಕವನ್ನು ಮುಚ್ಚದೆ ಏಕೆ ಎಂದು ಕೇಳಿದರೆ, ಆ ಹೆಜ್ಜೆ ಅಲ್ಲಿಯೇ ಆರಂಭವಾಗುತ್ತದೆ.