ನೀರು ಮಾರುವವನು ಗೆದ್ದ ಓಟ

ನಮ್ಮ ಮೈದಾನದಲ್ಲಿ 200 ಮೀಟರ್ ಓಡೋಷ್ಟರಲ್ಲಿ ನನಗೆ ಪಕ್ಕೆ ಹಿಡ್ಕೊಳ್ಳುತ್ತೆ. ನಾನು ಈಗ ಹೇಳುವವನು ಒಂದೇ ಸಲಕ್ಕೆ 40 ಕಿಲೋಮೀಟರ್ ಓಡಿದ. ಅಂದ್ರೆ ನನ್ನ ಓಟದಂಥಾ ಓಟ 200 ಸಲ!

ಅವನ ಹೆಸರು ಸ್ಪಿರಿಡಾನ್ ಲೂಯಿಸ್. ಗ್ರೀಸ್ ದೇಶದ ಅಥೆನ್ಸ್ ನಗರದ ಹತ್ತಿರ ಮರೂಸಿ ಅನ್ನೋ ಹಳ್ಳಿಯಲ್ಲಿ 1873ರಲ್ಲಿ ಹುಟ್ಟಿದ. ಮನೆಯಲ್ಲಿ ಬಡತನ. ಅವನ ಅಪ್ಪ ಅಥೆನ್ಸಿನಲ್ಲಿ ಕುಡಿಯೋ ನೀರು ಮಾರುತ್ತಿದ್ದ. ಆಗ ಅಲ್ಲಿ ಮನೆ ಮನೆಗೆ ನಲ್ಲಿ ಇರಲಿಲ್ಲ. ಮಗ ನೀರು ಸಾಗಿಸುತ್ತಿದ್ದ. ಹೇಸರಗತ್ತೆಯ ಪಕ್ಕದಲ್ಲೇ ಓಡಿ ಓಡಿ ಅವನ ಕಾಲು ಗಟ್ಟಿಯಾಯ್ತು ಅಂತ ಹೇಳ್ತಾರೆ. ಒಂದು ಕೊಡ ನೀರು ತಂದವರಿಗೆ ಆ ಕಷ್ಟ ಗೊತ್ತಾಗುತ್ತೆ.

1896ರಲ್ಲಿ ಅಥೆನ್ಸಿನಲ್ಲಿ ಹೊಸ ಕಾಲದ ಮೊದಲ ಒಲಿಂಪಿಕ್ಸ್ ನಡೆಯಿತು. ಗ್ರೀಸ್ ಪುಟ್ಟ ದೇಶ. 1893ರಲ್ಲೇ ಸರ್ಕಾರ ಸಾಲ ತೀರಿಸಲಾರದೆ ದಿವಾಳಿ ಎದ್ದಿತ್ತು. ಅವೆರೋಫ್ ಎಂಬ ಶ್ರೀಮಂತ ವ್ಯಾಪಾರಿ ಹಣ ಕೊಟ್ಟಿದ್ದರಿಂದ ಅಮೃತಶಿಲೆಯ ಹಳೇ ಕ್ರೀಡಾಂಗಣ ರಿಪೇರಿಯಾಯ್ತು. ಆದರೆ ಓಟ, ಜಿಗಿತ, ಎಸೆತ ಯಾವುದರಲ್ಲೂ ಗ್ರೀಕರು ಗೆಲ್ಲಲಿಲ್ಲ. ಡಿಸ್ಕಸ್ ಎಸೆತ ಅವರ ಪೂರ್ವಜರ ಆಟ, ಅದನ್ನೂ ಅಮೆರಿಕದವನು ಗೆದ್ದುಬಿಟ್ಟ. ಊರಿಗೆಲ್ಲ ಊಟ ಹಾಕಿ ಮನೆಯವರೇ ಉಪವಾಸ ಇದ್ದ ಹಾಗಾಯ್ತು. ಉಳಿದ ಆಸೆ ಮ್ಯಾರಥಾನ್ ಒಂದೇ.

ಏಪ್ರಿಲ್ 10ನೇ ತಾರೀಖು ಮ್ಯಾರಥಾನ್ ಎಂಬ ಊರಿನಿಂದ 17 ಜನ ಹೊರಟರು. ಆಯ್ಕೆಯ ಓಟದಲ್ಲಿ ಲೂಯಿಸ್ ಐದನೆಯವನಾಗಿದ್ದ, ಅವನ ಮೇಲೆ ಯಾರಿಗೂ ಅಂಥಾ ನಂಬಿಕೆ ಇರಲಿಲ್ಲ. ಮೊದಲು ಫ್ರಾನ್ಸಿನ ಲೆರ್ಮುಸಿಯೊ ತುಂಬಾ ಮುಂದೆ ಹೋದ. ಸುಮಾರು 32 ಕಿ.ಮೀ. ಹೊತ್ತಿಗೆ ಅವನ ಕೈಲಾಗಲಿಲ್ಲ, ಬಿಟ್ಟ. ಆಮೇಲೆ ಆಸ್ಟ್ರೇಲಿಯಾದ ಫ್ಲ್ಯಾಕ್ ಮುಂದಾದ. ಅವನು ಅದೇ ವಾರ 800 ಮೀಟರ್, 1500 ಮೀಟರ್ ಎರಡೂ ಗೆದ್ದಿದ್ದ. ಆದರೆ ಇಷ್ಟು ದೂರ ಓಡಿ ಅಭ್ಯಾಸ ಇರಲಿಲ್ಲ. ಲೂಯಿಸ್ ಅವಸರ ಮಾಡದೆ ಬಂದು ಅವನನ್ನೂ ಹಿಂದೆ ಹಾಕಿದ. ಫ್ಲ್ಯಾಕ್ ದಾರಿಯಲ್ಲೇ ಕುಸಿದುಬಿದ್ದ.

ಕ್ರೀಡಾಂಗಣದಲ್ಲಿ ಫ್ಲ್ಯಾಕೇ ಮುಂದಿದ್ದಾನೆ ಅಂತ ಸುದ್ದಿ ಬಂದು ಜನ ಸಪ್ಪಗೆ ಕೂತಿದ್ದರು. ಅಷ್ಟರಲ್ಲಿ ಕುದುರೆ ಮೇಲೆ ಬಂದ ಅಧಿಕಾರಿ ಗ್ರೀಕನೇ ಮುಂದಿದ್ದಾನೆ ಅಂತ ತಿಳಿಸಿದ. ಧೂಳು ಮೆತ್ತಿಕೊಂಡ ಲೂಯಿಸ್ ಒಳಗೆ ಬಂದಾಗ ಇಬ್ಬರು ರಾಜಕುಮಾರರು ಕೆಳಗಿಳಿದು ಅವನ ಪಕ್ಕದಲ್ಲಿ ಓಡಿದರಂತೆ. ಇದನ್ನು ಓದುವಾಗ ನನಗೆ ಮೈ ಜುಮ್ ಅಂತು. ಹಿಡಿದ ಕಾಲ 2 ಗಂಟೆ 58 ನಿಮಿಷ 50 ಸೆಕೆಂಡ್. ಎರಡನೆಯವನೂ ಗ್ರೀಕನೇ, ವಸಿಲಾಕೋಸ್. ಮೂರನೆಯವನಾಗಿ ಬಂದ ಗ್ರೀಕ ಸ್ವಲ್ಪ ದೂರ ಗಾಡಿಯಲ್ಲಿ ಬಂದಿದ್ದು ಗೊತ್ತಾಗಿ ಅವನ ಸ್ಥಾನ ಹಂಗೇರಿಯವನಿಗೆ ಹೋಯ್ತು. (ನಮ್ಮಲ್ಲೂ ಸುತ್ತು ತಪ್ಪಿಸೋರು ಇದ್ದಾರೆ, ಹೆಸರು ಬರೆಯಲ್ಲ.)

ಆಗ ಗೆದ್ದವರಿಗೆ ಬೆಳ್ಳಿಯ ಪದಕ, ಆಲಿವ್ ಕೊಂಬೆ ಕೊಡುತ್ತಿದ್ದರು. ಲೂಯಿಸ್‌ಗೆ ಬೆಳ್ಳಿ ಬಟ್ಟಲೂ ಸಿಕ್ಕಿತು. ಏನು ಬೇಕು ಅಂತ ರಾಜ ಕೇಳಿದಾಗ ನೀರು ಸಾಗಿಸಲು ಗಾಡಿ ಸಾಕು ಅಂದನಂತೆ. ನಾನಾಗಿದ್ರೆ ಇನ್ನೂ ದೊಡ್ಡದು ಕೇಳುತ್ತಿದ್ದೆ.

ಆಮೇಲೆ ಅವನು ಸ್ಪರ್ಧೆಯಲ್ಲಿ ಓಡಲೇ ಇಲ್ಲ. ಊರಲ್ಲಿ ಬೇಸಾಯ ಮಾಡಿದ, ಪೊಲೀಸ್ ಕೆಲಸವನ್ನೂ ಮಾಡಿದ. 1926ರಲ್ಲಿ ಸೈನ್ಯದ ಕಾಗದಪತ್ರ ತಿದ್ದಿದ ಅಂತ ಆರೋಪ ಹೊರಿಸಿ ಜೈಲಿಗೆ ಹಾಕಿದರು. ಒಂದು ವರ್ಷಕ್ಕಿಂತ ಹೆಚ್ಚು ಒಳಗಿದ್ದ ಮೇಲೆ ನಿರಪರಾಧಿ ಅಂತ ಬಿಟ್ಟರು. ದೇಶವೆಲ್ಲ ಹೊತ್ತು ಮೆರೆಸಿದವನಿಗೇ ಹೀಗಾಯ್ತಲ್ಲ ಅಂತ ನನಗೆ ಬೇಜಾರಾಯ್ತು.

1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಅವನನ್ನು ಕರೆದರು. ಹಳ್ಳಿಯ ಉಡುಪಿನಲ್ಲೇ ಹೋಗಿ ಹಿಟ್ಲರನಿಗೆ ಶಾಂತಿಯ ಗುರುತಾದ ಆಲಿವ್ ಕೊಂಬೆ ಕೊಟ್ಟ. 1940ರ ಮಾರ್ಚ್‌ನಲ್ಲಿ ತೀರಿಕೊಂಡ. ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ರೀಸ್ ಮೇಲೆ ಯುದ್ಧ ಬಂತು, ಅದನ್ನು ಅವನು ನೋಡಲಿಲ್ಲ.

ಅವನ ಬೆಳ್ಳಿ ಬಟ್ಟಲು 2012ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡಿಗೂ ಮೇಲೆ ಹೋಯ್ತು. ಗ್ರೀಕ್ ಭಾಷೆಯಲ್ಲಿ ಯಾರಾದರೂ ಓಡಿ ಮಾಯವಾದರೆ ಲೂಯಿಸ್ ಆಗಿಬಿಟ್ಟ ಅಂತಾರಂತೆ.